ಸ್ಪ್ಯಾಮ್ ಇಮೇಲ್ ಕಾಟವೇ? ಜಾಡು ಹಿಡಿಯುವುದು ಹೇಗೆ, ದೂರು ಕೊಡುವುದು ಎಲ್ಲಿ? ಇಲ್ಲಿದೆ ಮಾಹಿತಿ

ಹೈದರಾಬಾದ್: ನಗರದ ಅಮೀರ್‌ಪೇಟ್ ಎಂದರೆ ಸಾಫ್ಟ್‌ವೇರ್ ಕೋಚಿಂಗ್ ಸೆಂಟರ್‌ಗಳ ಬೀಡು. ಕಲಬುರಗಿ, ಬೀದರ್, ರಾಯಚೂರು ಕಡೆಯ ಯುವಕ ಯುವತಿಯರೂ ಇಲ್ಲಿಗೆ ಬಂದು ಕೋರ್ಸ್ ಮುಗಿಸಿ, ಜಾಬ್ ಸೈಟ್‌ಗಳಲ್ಲಿ ತಮ್ಮ ವಿವರ ಹಾಕಿ ಕೆಲಸಕ್ಕಾಗಿ ಕಾಯುತ್ತಾರೆ. ಅಲ್ಲಿಂದಲೇ ಇನ್‌ಬಾಕ್ಸ್‌ಗೆ ಬೇಡದ ಮೇಲ್‌ಗಳ ಸುರಿಮಳೆ ಶುರುವಾಗುತ್ತದೆ. ಸಾಲ, ಲಾಟರಿ, ತೆರಿಗೆ ಮರುಪಾವತಿಯ ಮೇಲ್‌ಗಳ ನಡುವೆ ಒಂದು ದಿನ ದೊಡ್ಡ ಕಂಪನಿಯ ಲೋಗೋ ಇರುವ ಆಫರ್ ಲೆಟರ್ ಕೂಡ ಬರಬಹುದು. ಕೊನೆಯ ಸಾಲಿನಲ್ಲಿ ಮಾತ್ರ, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ಇಂತಿಷ್ಟು ಹಣ ಕಟ್ಟಿ ಎಂದಿರುತ್ತದೆ.

ಇಂಥ ಮೇಲ್ ಬಂದಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದು, ನಂಬಿ ಹಣ ಕಟ್ಟುವುದು. ಇನ್ನೊಂದು, ಸಿಟ್ಟಿನಿಂದ ಡಿಲೀಟ್ ಮಾಡುವುದು. ಮೊದಲನೆಯದರಿಂದ ಹಣ ಹೋಗುತ್ತದೆ, ಎರಡನೆಯದರಿಂದ ಸಾಕ್ಷ್ಯ ಹೋಗುತ್ತದೆ. ಮೇಲ್ ಎಲ್ಲಿಂದ ಬಂತು ಎಂಬ ಜಾಡನ್ನು ಸಾಮಾನ್ಯ ಬಳಕೆದಾರರೂ ಒಂದು ಹಂತದವರೆಗೆ ಹಿಡಿಯಬಹುದು. ಅಲ್ಲಿಂದ ಮುಂದಿನದು ಪೊಲೀಸರ ಕೆಲಸ.

ಹೆಸರು ನೋಡಿ ಮೋಸ ಹೋಗಬೇಡಿ

ಇಮೇಲ್‌ನಲ್ಲಿ ಕಾಣುವ ಕಳುಹಿಸಿದವರ ಹೆಸರು ಅಂಚೆ ಲಕೋಟೆಯ ಹಿಂದೆ ಬರೆದ ವಿಳಾಸದಂತೆ. ಯಾರು ಏನು ಬೇಕಾದರೂ ಬರೆಯಬಹುದು. ಇಮೇಲ್ ಸಾಗಿಸುವ ಮೂಲ ವ್ಯವಸ್ಥೆ ರೂಪುಗೊಂಡಾಗ ಬಳಸುತ್ತಿದ್ದವರು ಕಡಿಮೆ, ಒಬ್ಬರನ್ನೊಬ್ಬರು ನಂಬುವವರು. ಹಾಗಾಗಿ ಕಳುಹಿಸಿದವರ ಗುರುತು ಪರಿಶೀಲಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಗ್ಯಾರಿ ಥುಅರ್ಕ್ ಎಂಬ ಮಾರಾಟ ಅಧಿಕಾರಿ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಕಂಪ್ಯೂಟರ್ ಜಾಹೀರಾತು ಕಳುಹಿಸಿದ್ದೇ ಮೊದಲ ಸ್ಪ್ಯಾಮ್ ಎಂದು ಹೇಳಲಾಗುತ್ತದೆ.

ಅಂಚೆ ಲಕೋಟೆಯ ಮೇಲೆ ಮುದ್ರೆ ಬೀಳುವಂತೆ ಇಮೇಲ್ ಮೇಲೂ ಮುದ್ರೆ ಬೀಳುತ್ತದೆ. ಮೇಲ್ ಹಾದುಬಂದ ಪ್ರತಿಯೊಂದು ಸರ್ವರ್ ತನ್ನ ಹೆಸರು, ಸಮಯ ಮತ್ತು ತನಗೆ ಅದನ್ನು ಕೊಟ್ಟ ಯಂತ್ರದ ಐಪಿ ವಿಳಾಸವನ್ನು ಬರೆದಿಡುತ್ತದೆ. ಈ ದಾಖಲೆಗೆ ಹೆಡರ್ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಕಣ್ಣಿಗೆ ಕಾಣುವುದಿಲ್ಲ. ತೆರೆದು ನೋಡಬೇಕು.

ಹೆಡರ್ ತೆಗೆಯುವುದು ಹೀಗೆ

* ಜಿಮೇಲ್ ಬಳಸುವವರು ಕಂಪ್ಯೂಟರ್ ಬ್ರೌಸರ್‌ನಲ್ಲಿ ಮೇಲ್ ತೆರೆಯಬೇಕು. ಮೊಬೈಲ್ ಆ್ಯಪ್‌ನಲ್ಲಿ ಈ ಸೌಲಭ್ಯ ಇಲ್ಲ.
* ರಿಪ್ಲೈ ಗುರುತಿನ ಪಕ್ಕದ ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಆಯ್ಕೆ ಮಾಡಿ.
* ಹೊಸ ಪುಟದಲ್ಲಿ 'ಡೌನ್‌ಲೋಡ್ ಒರಿಜಿನಲ್' ಒತ್ತಿ ಕಡತವನ್ನು ಉಳಿಸಿಕೊಳ್ಳಿ. ದೂರು ಕೊಡುವಾಗ ಇದೇ ಮುಖ್ಯ ಸಾಕ್ಷ್ಯ.
* ಔಟ್‌ಲುಕ್ ವೆಬ್‌ನಲ್ಲಿ ಮೂರು ಚುಕ್ಕಿ ಒತ್ತಿ, 'ವ್ಯೂ' ಅಡಿಯಲ್ಲಿ 'ವ್ಯೂ ಮೆಸೇಜ್ ಸೋರ್ಸ್' ಎಂಬುದನ್ನು ಆರಿಸಿ.

ಸ್ಕ್ರೀನ್‌ಶಾಟ್ ಒಂದೇ ಸಾಲದು. ಅದರಲ್ಲಿ ಹೆಡರ್ ಇರುವುದಿಲ್ಲ. ಸಾಮಾನ್ಯವಾಗಿ ಮೇಲ್ ಫಾರ್ವರ್ಡ್ ಮಾಡಿದಾಗಲೂ ಮೂಲ ಹೆಡರ್ ಕಳೆದುಹೋಗುತ್ತದೆ.

ಏನನ್ನು ನೋಡಬೇಕು?

ಮೊದಲು ಪುಟದ ಮೇಲ್ಭಾಗದಲ್ಲಿರುವ ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಎಂಬ ಮೂರು ಪರೀಕ್ಷೆಗಳ ಫಲಿತಾಂಶ ನೋಡಿ. ಈ ಡೊಮೈನ್ ಹೆಸರಿನಲ್ಲಿ ಮೇಲ್ ಕಳುಹಿಸಲು ಆ ಸರ್ವರ್‌ಗೆ ಅನುಮತಿ ಇದೆಯೇ ಎಂಬುದನ್ನು ಎಸ್‌ಪಿಎಫ್ ಹೇಳುತ್ತದೆ. ಮೇಲ್‌ನ ಡಿಜಿಟಲ್ ಸಹಿ ಸರಿಯಿದೆಯೇ, ದಾರಿಯಲ್ಲಿ ತಿದ್ದಲಾಗಿದೆಯೇ ಎಂಬುದನ್ನು ಡಿಕೆಐಎಂ ಹೇಳುತ್ತದೆ. ಇವೆರಡೂ ನಿಮಗೆ ಕಾಣುವ ಹೆಸರಿನ ಡೊಮೈನ್‌ಗೆ ಹೊಂದುತ್ತವೆಯೇ ಎಂಬುದನ್ನು ಡಿಎಂಎಆರ್‌ಸಿ ನೋಡುತ್ತದೆ. ಬ್ಯಾಂಕ್ ಅಥವಾ ದೊಡ್ಡ ಕಂಪನಿಯ ಹೆಸರಿನ ಮೇಲ್‌ನಲ್ಲಿ 'ಫೇಲ್' ಎಂದಿದ್ದರೆ ಅನುಮಾನಿಸಲೇಬೇಕು.

ಆದರೆ 'ಪಾಸ್' ಎಂದಿದ್ದ ಮಾತ್ರಕ್ಕೆ ಅದು ಅಸಲಿ ಎಂದಲ್ಲ. ಕಂಪನಿಯ ಹೆಸರಿಗೆ ಒಂದು ಅಕ್ಷರ ಹೆಚ್ಚು ಸೇರಿಸಿ ವಂಚಕರು ಸ್ವಂತ ಡೊಮೈನ್ ಕೊಂಡಿದ್ದರೆ, ಆ ಡೊಮೈನ್ ಮಟ್ಟಿಗೆ ಮೂರೂ ಪರೀಕ್ಷೆ ಪಾಸ್ ಆಗುತ್ತವೆ. ಆದ್ದರಿಂದ @ ಚಿಹ್ನೆಯ ನಂತರದ ಭಾಗವನ್ನು ಅಕ್ಷರ ಅಕ್ಷರವಾಗಿ ಓದಿ. 'ರಿಪ್ಲೈ-ಟು' ಎಂಬಲ್ಲಿ ಬೇರೆಯೇ ವಿಳಾಸ ಇದೆಯೇ ಎಂದೂ ನೋಡಿ. ಮೇಲ್ ಕಂಪನಿಯ ಹೆಸರಿನಲ್ಲಿದ್ದು, ಉತ್ತರ ಮಾತ್ರ ಉಚಿತ ಜಿಮೇಲ್ ಖಾತೆಗೆ ಹೋಗುವಂತಿದ್ದರೆ ಅದು ವಂಚನೆಯ ಸ್ಪಷ್ಟ ಸೂಚನೆ.

ನಂತರ 'ರಿಸೀವ್ಡ್' ಎಂದು ಶುರುವಾಗುವ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನದು ಹಳೆಯದು, ಮೇಲಿನದು ಹೊಸದು. ಇವುಗಳಲ್ಲಿ ನಿಮ್ಮದೇ ಇಮೇಲ್ ಸೇವೆಯ ಸರ್ವರ್ ಬರೆದ ಸಾಲನ್ನು ನಂಬಬಹುದು. ಅದಕ್ಕಿಂತ ಕೆಳಗಿನವನ್ನು ವಂಚಕರೇ ಸೇರಿಸಿರಬಹುದು. ಇದೆಲ್ಲ ಕಷ್ಟ ಎನಿಸಿದರೆ, ಹೆಡರ್ ಅನ್ನು ನಕಲಿಸಿ ಗೂಗಲ್‌ನ 'ಮೆಸೇಜ್ ಹೆಡರ್' ಉಪಕರಣದಲ್ಲಿ ಹಾಕಿದರೆ ದಾರಿಯನ್ನು ಬಿಡಿಸಿ ತೋರಿಸುತ್ತದೆ.

ಐಪಿ ಸಿಕ್ಕರೆ ವ್ಯಕ್ತಿ ಸಿಕ್ಕಂತೆಯೇ?

ಇಲ್ಲ. ಬಹುತೇಕರು ಎಡವುವುದು ಇಲ್ಲಿಯೇ. ಐಪಿ ವಿಳಾಸವನ್ನು 'ಹೂಈಸ್' ಹುಡುಕಾಟದಲ್ಲಿ ಹಾಕಿದರೆ ಅದು ಯಾವ ಸಂಸ್ಥೆಯ ಹೆಸರಿನಲ್ಲಿದೆ ಎಂಬುದು ಗೊತ್ತಾಗುತ್ತದೆ, ಯಾವ ಮನೆಯಲ್ಲಿದೆ ಎಂಬುದಲ್ಲ. ಜಿಮೇಲ್ ವೆಬ್‌ನಿಂದ ಕಳುಹಿಸಿದ ಮೇಲ್‌ನಲ್ಲಿ ಕಳುಹಿಸಿದವರ ಐಪಿ ಇರುವುದೇ ಇಲ್ಲ, ಗೂಗಲ್ ಸರ್ವರ್‌ನದ್ದು ಮಾತ್ರ ಇರುತ್ತದೆ. ವಿಪಿಎನ್ ಬಳಸಿದ್ದರೆ ಬೇರೊಂದು ದೇಶದ ವಿಳಾಸ ಕಾಣಬಹುದು. ಅಮಾಯಕರೊಬ್ಬರ ವೈರಸ್ ತಗುಲಿದ ಕಂಪ್ಯೂಟರ್‌ನಿಂದಲೂ ಸ್ಪ್ಯಾಮ್ ಹೊರಟಿರಬಹುದು. ಹಾಗಾಗಿ ಐಪಿ ಹಿಡಿದು ಯಾರ ಮೇಲೋ ಸಾಮಾಜಿಕ ಜಾಲತಾಣದಲ್ಲಿ ಆರೋಪ ಹೊರಿಸುವುದು ಅಪಾಯಕಾರಿ.

ಐಪಿ ಹಿಂದಿನ ವ್ಯಕ್ತಿಯ ವಿವರವನ್ನು ಇಂಟರ್‌ನೆಟ್ ಅಥವಾ ಇಮೇಲ್ ಕಂಪನಿಯಿಂದ ಕಾನೂನುಬದ್ಧವಾಗಿ ಕೇಳಿ ಪಡೆಯುವುದು ಪೊಲೀಸರ ಕೆಲಸ. ಅವರಿಗೂ ಇದು ಸುಲಭವಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆ ಇಮೇಲ್ ಬಂದು ಪೋಷಕರು ಮಕ್ಕಳನ್ನು ಕರೆತರಲು ಓಡಿದ್ದು ಕನ್ನಡಿಗರಿಗೆ ನೆನಪಿರಬಹುದು. ಅದು ಹುಸಿ ಬೆದರಿಕೆ ಎಂದು ಬಳಿಕ ಗೊತ್ತಾಯಿತು. ಹಲವು ರಾಜ್ಯಗಳಿಗೆ ಇಂಥ ಮೇಲ್ ಕಳುಹಿಸಿದ ಆರೋಪದಲ್ಲಿ 2025ರ ಜೂನ್‌ನಲ್ಲಿ ಅಹಮದಾಬಾದ್ ಪೊಲೀಸರು ಚೆನ್ನೈನ ಎಂಜಿನಿಯರ್ ಒಬ್ಬರನ್ನು ಬಂಧಿಸಿದರು. ವಿಪಿಎನ್ ಬಳಸಿ ಗುರುತು ಮರೆಮಾಚಿದ್ದ ಆರೋಪಿ, ಅಸಲಿ ಮತ್ತು ನಕಲಿ ಖಾತೆಗಳನ್ನು ಒಂದೇ ಸಾಧನದಲ್ಲಿ ತೆರೆದದ್ದೇ ಸುಳಿವಾಯಿತು ಎಂದು ಪೊಲೀಸರು ತಿಳಿಸಿದ್ದರು.

ಎಲ್ಲಿ ದೂರು ಕೊಡಬೇಕು?

ಬರೀ ಜಾಹೀರಾತು ಕಾಟವಿದ್ದರೆ: ಡಿಲೀಟ್ ಬದಲು 'ರಿಪೋರ್ಟ್ ಸ್ಪ್ಯಾಮ್' ಒತ್ತಿ. ಇದು ಸಣ್ಣ ಕೆಲಸ ಎನಿಸಿದರೂ ಪರಿಣಾಮ ದೊಡ್ಡದು. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರ ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3 ತಲುಪಬಾರದು ಎಂಬ ನಿಯಮವನ್ನು ಜಿಮೇಲ್ 2024ರ ಫೆಬ್ರವರಿಯಿಂದ ತಂದಿದೆ. ಅಂದರೆ ಸಾವಿರದಲ್ಲಿ ಮೂವರು ದೂರಿದರೂ ಕಂಪನಿಗೆ ತೊಂದರೆ. ಪರಿಚಿತ ಕಂಪನಿಯದ್ದಾದರೆ 'ಅನ್‌ಸಬ್‌ಸ್ಕ್ರೈಬ್' ಮಾಡಿ. ಅಪರಿಚಿತರದ್ದಾದರೆ ಆ ಲಿಂಕ್ ಮುಟ್ಟಬೇಡಿ, ಉತ್ತರವನ್ನೂ ಬರೆಯಬೇಡಿ. ನಿಮ್ಮ ವಿಳಾಸ ಚಾಲ್ತಿಯಲ್ಲಿದೆ ಎಂಬುದು ಅವರಿಗೆ ಖಚಿತವಾಗುತ್ತದೆ.

ಪಾಸ್‌ವರ್ಡ್, ಒಟಿಪಿ ಕೇಳುವ ನಕಲಿ ಮೇಲ್ ಆದರೆ: 'ರಿಪೋರ್ಟ್ ಫಿಶಿಂಗ್' ಒತ್ತಿ. ಜತೆಗೆ ಉಳಿಸಿಕೊಂಡ ಮೂಲ ಕಡತವನ್ನು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ಕಳುಹಿಸಿ. ವಿಳಾಸ: ಇನ್ಸಿಡೆಂಟ್ @ ಸರ್ಟ್-ಇನ್ ಡಾಟ್ ಒಆರ್‌ಜಿ ಡಾಟ್ ಇನ್. ಆದಾಯ ತೆರಿಗೆ ಇಲಾಖೆಯ ಹೆಸರಿನ ನಕಲಿ ಮೇಲ್‌ಗಳನ್ನೂ ಇಲ್ಲಿಗೆ ಕಳುಹಿಸಬಹುದು. ಮೇಲ್ ಹೊರಟ ಸರ್ವರ್‌ನ ಸಂಸ್ಥೆಗೂ ದೂರು ಕೊಡಬಹುದು. 'ಹೂಈಸ್' ಫಲಿತಾಂಶದಲ್ಲಿ 'ಅಬ್ಯೂಸ್' ಎಂಬ ಹೆಸರಿನಲ್ಲಿ ದೂರಿನ ವಿಳಾಸ ಇರುತ್ತದೆ.

ಹಣ ಹೋಗಿದ್ದರೆ: ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಮೊದಲ ಕೆಲವು ಗಂಟೆಗಳು ನಿರ್ಣಾಯಕ. ಹೆಡರ್ ಹುಡುಕುತ್ತ ಕೂರುವ ಸಮಯ ಇದಲ್ಲ. ಅದನ್ನು ಆಮೇಲೆ ಸಲ್ಲಿಸಬಹುದು. ಬಳಿಕ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬೆದರಿಕೆ ಮೇಲ್ ಬಂದರೆ: ಹಣ ಹೋಗಿರಲಿ, ಬಿಡಲಿ, ನೇರವಾಗಿ ಪೊಲೀಸರಿಗೆ ತಿಳಿಸಿ.

ಹೈದರಾಬಾದಿನಲ್ಲಿರುವ ಕನ್ನಡಿಗರು ಏನು ಮಾಡಬೇಕು?

ಪೋರ್ಟಲ್‌ನಲ್ಲಿ ರಾಜ್ಯ ಆರಿಸುವಾಗ ಸದ್ಯ ವಾಸವಿರುವ ತೆಲಂಗಾಣವನ್ನೇ ಆರಿಸಿದರೆ ಮುಂದಿನ ಓಡಾಟ ಸುಲಭ. ರಾಜ್ಯದಲ್ಲಿ ಸೈಬರ್ ಅಪರಾಧಗಳಿಗೆಂದೇ 2023ರಲ್ಲಿ ಸೈಬರ್ ಸೆಕ್ಯುರಿಟಿ ಬ್ಯೂರೋ ಆರಂಭವಾಗಿದ್ದು, ನಗರದಲ್ಲಿ ಸೈಬರ್ ಕ್ರೈಮ್ ಠಾಣೆಗಳೂ ಇವೆ. ಊರಿಗೆ ಮರಳಿದ್ದರೆ ಕರ್ನಾಟಕದ ಜಿಲ್ಲಾ ಸೆನ್ ಪೊಲೀಸ್ ಠಾಣೆಗೆ ಹೋಗಬಹುದು. ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾಪಸ್ ಕಳುಹಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಸಂಜ್ಞೇಯ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು.

ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ 2003ರಿಂದ ಸ್ಪ್ಯಾಮ್ ತಡೆಗೆ ಪ್ರತ್ಯೇಕ ಕಾನೂನಿದೆ. ಭಾರತದಲ್ಲಿ ಇಲ್ಲ. ಟ್ರಾಯ್‌ನ ಡಿಎನ್‌ಡಿ ವ್ಯವಸ್ಥೆ, 1909 ಸಂಖ್ಯೆ ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ. ಕಿರಿಕಿರಿ ಉಂಟುಮಾಡಲು ಅಥವಾ ಮೂಲ ಮರೆಮಾಚಿ ಇಮೇಲ್ ಕಳುಹಿಸುವುದನ್ನು ಐಟಿ ಕಾಯ್ದೆಯ 66ಎ ಕಲಂ ಅಪರಾಧ ಎಂದಿತ್ತು. ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆ ಎಂದು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಇಡೀ ಕಲಮನ್ನು ರದ್ದುಪಡಿಸಿತು. ಹಾಗಾಗಿ ಬೇಡದ ಜಾಹೀರಾತು ಮೇಲ್ ಕಳುಹಿಸಿದ ಮಾತ್ರಕ್ಕೆ ಪೊಲೀಸ್ ಪ್ರಕರಣ ಆಗುವುದು ಕಷ್ಟ.

ಆದರೆ ಬೇರೊಬ್ಬರಂತೆ ನಟಿಸಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ, ಬೇರೆಯವರ ಪಾಸ್‌ವರ್ಡ್ ಅಥವಾ ಡಿಜಿಟಲ್ ಗುರುತನ್ನು ದುರುಪಯೋಗಪಡಿಸಿಕೊಂಡರೆ 66ಸಿ ಅನ್ವಯಿಸುತ್ತದೆ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಇನ್ನೊಂದು ವಿಷಯ ಗಮನದಲ್ಲಿರಲಿ. ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೇವಾ ಸಂಸ್ಥೆಗಳು ತಮ್ಮ ಲಾಗ್ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು. ಅಂದರೆ ತಡವಾಗಿ ಕೊಟ್ಟ ದೂರಿಗೆ ಜಾಡು ಸಿಗದೇ ಹೋಗಬಹುದು. ಮೇಲ್ ಡಿಲೀಟ್ ಮಾಡುವ ಮೊದಲು ಮೂಲ ಕಡತ ಉಳಿಸಿಕೊಳ್ಳಿ, ಅದೇ ದಿನ ದೂರು ಕೊಡಿ.