ಭಾಷಣ ಹೈದರಾಬಾದಿನಲ್ಲಿ, ಬೆಲೆ ತೆತ್ತದ್ದು ಹಳ್ಳಿಗಳಲ್ಲಿ

ಝಹೀರಾಬಾದ್, ನಾರಾಯಣಖೇಡ್, ತಾಂಡೂರು ಈಗ ತೆಲಂಗಾಣದಲ್ಲಿವೆ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಮೊದಲೆರಡು ಬೀದರ್ ಜಿಲ್ಲೆಯ ತಾಲೂಕುಗಳು, ತಾಂಡೂರು ಗುಲ್ಬರ್ಗದ್ದು. ಎಲ್ಲವೂ ನಿಝಾಮರ ಹೈದರಾಬಾದ್ ಸಂಸ್ಥಾನದೊಳಗೆ.

ಆಗ ಮಜ್ಲಿಸೆ ಇತ್ತಿಹಾದುಲ್ ಮುಸ್ಲಿಮೀನ್‌ನ ನಾಯಕರಾಗಿದ್ದ ನವಾಬ್ ಬಹಾದ್ದೂರ್ ಯಾರ್ ಜಂಗ್ ಉರ್ದುವಿನ ಹೆಸರಾಂತ ವಾಗ್ಮಿ. 1944ರಲ್ಲಿ ಅವರು ತೀರಿಕೊಂಡರು. 1946ರಲ್ಲಿ ನಾಯಕತ್ವ ಲಾತೂರಿನ ವಕೀಲ ಖಾಸಿಂ ರಝ್ವಿ ಕೈಗೆ ಬಂತು. ದಿಲ್ಲಿಯ ಕೆಂಪುಕೋಟೆಯ ಮೇಲೆ ಆಸಫ್‌ಜಾಹಿ ಬಾವುಟ ಹಾರಿಸುವ ಮಾತಾಡಿದವರು ಇವರೇ. ರಝಾಕಾರರು ಹಳ್ಳಿಗಳಲ್ಲಿ ನಡೆಸಿದ ಹಿಂಸೆಗೆ ಇಂಥ ಭಾಷಣಗಳೇ ತುಪ್ಪ ಸುರಿದವು. ಎಲ್ಲ ಮುಸ್ಲಿಮರೂ ತಲೆದೂಗಲಿಲ್ಲ, ಇದನ್ನು ಹೇಳುವವರು ಮಾತ್ರ ಕಡಿಮೆ. ‘ಇಮ್ರೋಝ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತದೊಂದಿಗೆ ವಿಲೀನದ ಪರ ಬರೆದರು. 1948ರ ಆಗಸ್ಟ್‌ನಲ್ಲಿ ಅವರನ್ನು ಕೊಂದುಹಾಕಿದರು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಬಂತು, ಐದೇ ದಿನದಲ್ಲಿ ಸಂಸ್ಥಾನ ಶರಣಾಯಿತು. ಆಮೇಲೆ ಎದ್ದ ಸೇಡಿಗೆ ಬಲಿಯಾದವರು ಯಾವ ವೇದಿಕೆಯನ್ನೂ ಹತ್ತದ ಹಳ್ಳಿಯ ಮುಸ್ಲಿಮರು. ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಸತ್ತವರು ಕಡಿಮೆಯೆಂದರೂ 27ರಿಂದ 40 ಸಾವಿರ ಎಂದು ಅಂದಾಜಿಸಿತು. ಅತಿ ಹೆಚ್ಚು ನಲುಗಿದ್ದು ಉಸ್ಮಾನಾಬಾದ್, ನಾಂದೇಡ್, ಬೀದರ್, ಗುಲ್ಬರ್ಗ. ಅಂದರೆ ಈ ಮೂರು ತಾಲೂಕುಗಳಿದ್ದ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಮುಸ್ಲಿಂ ನೇಕಾರರನ್ನು ಉಳಿಸಲು ಹೋಗಿ ಹಿಂದೂ ನೇಕಾರರು ಜೀವ ಕಳಕೊಂಡದ್ದೂ ಅದೇ ವರದಿಯಲ್ಲಿದೆ. ಆದರೆ ವರದಿಯೇ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ.

ರಝ್ವಿ 1957ರಲ್ಲಿ ಜೈಲಿನಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೊರಟುಹೋದರು.