ದಿವಾಳಿಯಾದ ಬಳಿಕ ದಂಪತಿಗೆ ಜಂಟಿ ಗೃಹಸಾಲ

ವ್ಯಾಪಾರದಲ್ಲಿ ಕೈಸುಟ್ಟುಕೊಂಡು ಸಾಲ ತೀರಿಸಲಾಗದವರು ಕೆಲ ವರ್ಷಗಳ ನಂತರ ಪತ್ನಿ ಅಥವಾ ಪತಿಯೊಡನೆ ಗೃಹಸಾಲಕ್ಕೆ ಅರ್ಜಿ ಸಲ್ಲಿಸುವುದುಂಟು. ಸಂಗಾತಿಯ ಸಂಬಳ ಚೆನ್ನಾಗಿದ್ದರೆ ಹಳೆಯದು ಮರೆಯಾದೀತೆಂಬ ನಿರೀಕ್ಷೆ ಅವರದು. ಆದರೆ ಜಂಟಿ ಅರ್ಜಿಯಲ್ಲಿ ಇಬ್ಬರ ಆದಾಯವನ್ನು ಕೂಡಿಸುವ ಬ್ಯಾಂಕು ಇಬ್ಬರ ಸಾಲದ ಚರಿತ್ರೆಯನ್ನೂ ಪರಿಶೀಲಿಸುತ್ತದೆ.

ಜನರ ಬಾಯಲ್ಲಿ ‘ಪಾಪರ್’ ಆಗುವುದಕ್ಕೂ ಕಾನೂನಿನ ದಿವಾಳಿತನಕ್ಕೂ ಅಂತರವಿದೆ. 2016ರ ದಿವಾಳಿ ಸಂಹಿತೆಯ ವೈಯಕ್ತಿಕ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳ ಮಟ್ಟಿಗೆ ಮಾತ್ರ. ಉಳಿದವರಿಗೆ ಆಗ ಉಳಿದದ್ದು 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ. ಅದರ 28ನೇ ಕಲಮಿನಂತೆ, ನ್ಯಾಯಾಲಯ ದಿವಾಳಿಯೆಂದು ಘೋಷಿಸಿದ ಮೇಲೆ, ಬಿಡುಗಡೆಯ ಆದೇಶ ದೊರೆಯುವ ಮುನ್ನ ಆ ವ್ಯಕ್ತಿ ಗಳಿಸಿದ ಆಸ್ತಿಯೂ ನ್ಯಾಯಾಲಯ ಅಥವಾ ರಿಸೀವರ್ ವಶಕ್ಕೆ ಸೇರುತ್ತದೆ. ಅಂದರೆ ಅವಸರಪಟ್ಟು ಜಂಟಿಯಾಗಿ ಕೊಂಡ ಮನೆಯಲ್ಲಿ ಅವರ ಪಾಲು ಹಳೆಯ ಸಾಲಗಾರರ ಪಾಲಾಗಬಹುದು. ಬಿಡುಗಡೆಯಾಗದ ದಿವಾಳಿ ವ್ಯಕ್ತಿ ಆ ಸಂಗತಿಯನ್ನು ಮುಚ್ಚಿಟ್ಟು ಸಾಲ ಪಡೆದರೆ 72ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸವೂ ಉಂಟು. ಮೂಲ ಕಾಯಿದೆ ಇದಕ್ಕೆ ಇಟ್ಟ ಮಿತಿ ಕೇವಲ 50 ರೂಪಾಯಿ! ಆದ್ದರಿಂದ ಮೊದಲು ಬೇಕಾದದ್ದು ಬಿಡುಗಡೆಯ ಆದೇಶದ ದೃಢೀಕೃತ ಪ್ರತಿ.

ನ್ಯಾಯಾಲಯದ ಮೆಟ್ಟಿಲು ಹತ್ತದೆ ಬ್ಯಾಂಕಿನೊಡನೆ ರಾಜಿ ಮಾಡಿಕೊಂಡವರ ಕಥೆ ಬೇರೆ. ಬಾಕಿಯಲ್ಲಿ ಒಂದು ಭಾಗ ಕಟ್ಟಿ ಕೈತೊಳೆದುಕೊಂಡರೆ ಸಾಲದ ವರದಿಯಲ್ಲಿ ‘ಕ್ಲೋಸ್ಡ್’ ಎಂದಲ್ಲ, ‘ಸೆಟಲ್ಡ್’ ಎಂದು ನಮೂದಾಗುತ್ತದೆ. ಹೊಸದಾಗಿ ಸಾಲ ಕೊಡುವವರ ಕಣ್ಣಿಗೆ ಅದು ಕಪ್ಪುಚುಕ್ಕೆ. ಸಾಧ್ಯವಿದ್ದರೆ ಮನ್ನಾ ಆದ ಮೊತ್ತವನ್ನೂ ಪಾವತಿಸಿ, ಬಾಕಿಯಿಲ್ಲವೆಂಬ ಪತ್ರ ಪಡೆದು ನಮೂದನ್ನು ಬದಲಿಸಿಕೊಳ್ಳುವುದು ಲೇಸು. ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ರಾಜಿ ಮಾಡಿಕೊಂಡ ಗ್ರಾಹಕನಿಗೆ ಬ್ಯಾಂಕು ಮತ್ತೆ ಸಾಲ ಕೊಡಲು ಕನಿಷ್ಠ 12 ತಿಂಗಳು ಕಾಯಬೇಕು. ಕೃಷಿ ಸಾಲಕ್ಕೆ ಈ ಮಿತಿಯಿಲ್ಲ.

ಸಾಲ ಮಾಹಿತಿ ಸಂಸ್ಥೆಗಳು ವಿವರಗಳನ್ನು ಕನಿಷ್ಠ ಏಳು ವರ್ಷ ಕಾಪಿಡುತ್ತವೆ. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಈ ನಾಲ್ಕರಿಂದಲೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಅರ್ಜಿಗೆ ಮುನ್ನ ಇಬ್ಬರೂ ತರಿಸಿ ನೋಡಬೇಕು. ತೀರಿದ ಸಾಲ ಬಾಕಿಯೆಂದೇ ಕಾಣಿಸುತ್ತಿದ್ದರೆ ದೂರು ಕೊಡಬೇಕು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲುತ್ತದೆ.

ಸುಸ್ತಿಯಾದವರನ್ನು ಹೊರಗಿಟ್ಟು ಸಂಗಾತಿಯೊಬ್ಬರೇ ಸಾಲ ಪಡೆಯುವುದು ಇನ್ನೊಂದು ದಾರಿ. ಆಗ ಒಬ್ಬರ ಆದಾಯಕ್ಕೆ ತಕ್ಕಷ್ಟೇ ಸಾಲ ಸಿಗುತ್ತದೆ. ಅಲ್ಲದೆ ಆಸ್ತಿಯ ಸಹಮಾಲೀಕರೆಲ್ಲರೂ ಸಾಲಕ್ಕೂ ಸಹಿ ಹಾಕಬೇಕೆಂದು ಬ್ಯಾಂಕುಗಳು ಸಾಮಾನ್ಯವಾಗಿ ಕೇಳುವುದರಿಂದ ಕ್ರಯಪತ್ರದಲ್ಲಿ ಮತ್ತೊಬ್ಬರ ಹೆಸರು ಇರಲಾರದು. ಜಂಟಿ ಸಾಲವೇ ಆದರೆ ಇಬ್ಬರೂ ಪೂರ್ತಿ ಮೊತ್ತಕ್ಕೆ ಹೊಣೆ, ಅರ್ಧರ್ಧಕ್ಕಲ್ಲ. ಒಬ್ಬರು ಕಂತು ತಪ್ಪಿಸಿದರೆ ಇಬ್ಬರ ಅಂಕವೂ ಕುಸಿಯುತ್ತದೆ. ವಿಚ್ಛೇದನವಾದರೂ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಯಾರ ಹೆಸರೂ ಸಾಲಪತ್ರದಿಂದ ಕಳಚುವುದಿಲ್ಲ.