ರಿಂಗಿನ ಬಾಗಿಲು ಮುಚ್ಚಿದ್ದವರು ಯಾರು?

2024ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್‌ನಲ್ಲಿ ನಿಖತ್ ಝರೀನ್ ತೆಲಂಗಾಣ ಪೊಲೀಸ್ ಇಲಾಖೆಯ ಡಿಎಸ್‌ಪಿಯಾಗಿ ಸೇರಿಕೊಂಡರು. ಎರಡು ಸಲ ವಿಶ್ವ ಚಾಂಪಿಯನ್ ಆದ ಬಾಕ್ಸರ್‌ಗೆ ರಾಜ್ಯ ಸರ್ಕಾರ ಕೊಟ್ಟ ಗೌರವ ಅದು. ಹೈದರಾಬಾದಿನ ಪೊಲೀಸರಿಗೂ ಆಟಕ್ಕೂ ಇರುವ ನಂಟು ಹಳೆಯದು. ಸೈಯದ್ ಅಬ್ದುಲ್ ರಹೀಮ್ ಸಾಹೇಬರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್ ತಂಡ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತ್ತು. ಆದರೆ ಅದೆಲ್ಲ ಗಂಡಸರ ಕಥೆ. ಒಬ್ಬ ಹೆಣ್ಣುಮಗಳು, ಅದೂ ಮುಷ್ಟಿಯುದ್ಧದಂಥ ಆಟದಲ್ಲಿ ಹೆಸರು ಮಾಡಿ ಅದೇ ಖಾಕಿ ತೊಡುವುದಕ್ಕೆ ಇಷ್ಟು ಕಾಲ ಯಾಕೆ ಬೇಕಾಯ್ತು?

ನಿಖತ್ ಹುಟ್ಟಿದ್ದು 1996ರ ಜೂನ್ 14ರಂದು, ನಿಝಾಮಾಬಾದ್‌ನಲ್ಲಿ. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳ ಹಾಗೆ ಹಿಂದೆ ನಿಝಾಮರ ರಾಜ್ಯಕ್ಕೆ ಸೇರಿದ್ದ ಊರು ಅದು. ನಾಲ್ವರು ಹೆಣ್ಣುಮಕ್ಕಳಲ್ಲಿ ಮೂರನೆಯವರು. ತಂದೆ ತಾವೇ ಆಟಗಾರರಾಗಿದ್ದವರು, ಸೌದಿಯಲ್ಲಿ ದುಡಿದು ಬಂದವರು. ಮಗಳನ್ನು ಮೊದಲು ಓಟಕ್ಕೆ ಅಂತ ಮೈದಾನಕ್ಕೆ ಕರೆದೊಯ್ದರು. ಅಲ್ಲಿ ಎಲ್ಲ ಆಟಗಳಲ್ಲೂ ಹುಡುಗಿಯರಿದ್ದರು, ಬಾಕ್ಸಿಂಗ್‌ನಲ್ಲಿ ಮಾತ್ರ ಒಬ್ಬಳೂ ಇರಲಿಲ್ಲ. ಯಾಕೆ ಅಂತ ಮಗಳು ಕೇಳಿದಳು. ಅದಕ್ಕೆ ಬೇಕಾದ ಬಲ ಹುಡುಗಿಯರಿಗಿಲ್ಲ ಎಂದು ಜನ ತಿಳಿದಿದ್ದಾರೆ ಅನ್ನುವುದು ತಂದೆಯ ಉತ್ತರ. ಅಷ್ಟು ಸಾಕಾಯ್ತು, ಹುಡುಗಿ ಹಟ ಹಿಡಿದಳು.

ಕೋಚ್ ಶಂಸಾಮುದ್ದೀನ್ ಅವರ ಬಳಿ ತರಬೇತಿ ಶುರುವಾಯಿತು. ಜೊತೆಗೆ ಹುಡುಗಿಯರೇ ಇಲ್ಲದ್ದರಿಂದ ಹುಡುಗರ ಎದುರೇ ಗುದ್ದಾಡಬೇಕಿತ್ತು. ಮಗಳು ಮುಖ ಊದಿಸಿಕೊಂಡು ಮನೆಗೆ ಬಂದದ್ದನ್ನು ಕಂಡು ತಾಯಿ ಅತ್ತರು. ಇನ್ನು ಇವಳನ್ನು ಯಾರು ಮದುವೆಯಾಗ್ತಾರೆ ಅನ್ನುವ ಚಿಂತೆ ಅವರದು. ಚಡ್ಡಿ ತೊಟ್ಟು ಆಡುತ್ತಾಳೆ ಎಂದು ನೆಂಟರಿಷ್ಟರು ಆಡಿಕೊಂಡರು. ತಂದೆ ಮಾತ್ರ ಮಗಳ ಕೈ ಬಿಡಲಿಲ್ಲ.

ಇಲ್ಲಿಯವರೆಗಿನ ಕಥೆ ಕೇಳಿದವರು ಸಾಮಾನ್ಯವಾಗಿ ಒಂದು ಮಾತು ಹೇಳ್ತಾರೆ. ಮುಸ್ಲಿಂ ಮನೆ ಅಲ್ವಾ, ಅಡ್ಡಿ ಇದ್ದೇ ಇರುತ್ತೆ ಅಂತ. ಆ ಮಾತು ಎಷ್ಟು ನಿಜ ಅಂತ ತಿಳಿಯಬೇಕಾದರೆ ಆಧುನಿಕ ಬಾಕ್ಸಿಂಗ್‌ನ ತವರು ಬ್ರಿಟನ್‌ನತ್ತ ಸ್ವಲ್ಪ ನೋಡಬೇಕು.

ನಿಖತ್ ಹುಟ್ಟಿದ 1996ರಲ್ಲೇ ಇಂಗ್ಲೆಂಡಿನ ಹವ್ಯಾಸಿ ಬಾಕ್ಸಿಂಗ್ ಸಂಸ್ಥೆ ಹೆಂಗಸರ ಮೇಲಿದ್ದ ನಿಷೇಧವನ್ನು ತೆಗೆದದ್ದು. ವೃತ್ತಿಪರ ಬಾಕ್ಸಿಂಗ್‌ನ ಬಾಗಿಲು ಆಗಲೂ ಮುಚ್ಚಿಯೇ ಇತ್ತು. ಫ್ಲೀಟ್‌ವುಡ್ ಎಂಬ ಮೀನುಗಾರರ ಊರಿನ ಜೇನ್ ಕೌಚ್ ಅದೇ ವರ್ಷ ಡೆನ್ಮಾರ್ಕ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದು ಬಂದರೂ ಸ್ವಂತ ದೇಶದಲ್ಲಿ ಆಡಲು ಅವರಿಗೆ ಲೈಸೆನ್ಸ್ ಸಿಗಲಿಲ್ಲ. ಬ್ರಿಟಿಷ್ ಬಾಕ್ಸಿಂಗ್ ಮಂಡಳಿ ಕೊಟ್ಟ ಕಾರಣಗಳಲ್ಲಿ ಒಂದನ್ನು ಕೇಳಿ. ಮುಟ್ಟಿನ ಸಮಯದಲ್ಲಿ ಹೆಂಗಸರ ಮನಸ್ಸು ಸ್ಥಿಮಿತದಲ್ಲಿ ಇರುವುದಿಲ್ಲವಂತೆ! ಜೇನ್ ಲಿಂಗ ತಾರತಮ್ಯದ ಕಾನೂನಿನಡಿ ನ್ಯಾಯಮಂಡಳಿಗೆ ಹೋದರು, 1998ರ ಮಾರ್ಚ್‌ನಲ್ಲಿ ಗೆದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಪಂದ್ಯವಾಡಿ, ಬ್ರಿಟನ್‌ನ ಮೊದಲ ಲೈಸೆನ್ಸ್ ಪಡೆದ ವೃತ್ತಿಪರ ಮಹಿಳಾ ಬಾಕ್ಸರ್ ಎನಿಸಿದರು. 2007ರಲ್ಲಿ ಅದೇ ದೇಶ ಅವರಿಗೆ ಎಂಬಿಇ ಗೌರವ ಕೊಟ್ಟಿತು. ಮರುವರ್ಷ ಜೇನ್ ನಿವೃತ್ತರಾದರು.

ಒಲಿಂಪಿಕ್ಸ್‌ಗೆ ಮಹಿಳಾ ಬಾಕ್ಸಿಂಗ್ ಬಂದದ್ದು 2012ರಲ್ಲಿ, ಲಂಡನ್ನಿನಲ್ಲಿ. ಮೊದಲ ಚಿನ್ನ ಗೆದ್ದವರು ಬ್ರಿಟನ್ನಿನ ನಿಕೋಲಾ ಆಡಮ್ಸ್. ಸೆಮಿಫೈನಲ್‌ನಲ್ಲಿ ಅವರೆದುರು ಸೋತು ಕಂಚು ತಂದವರು ನಮ್ಮ ಮೇರಿ ಕೋಮ್. ಜೇನ್ ನ್ಯಾಯಮಂಡಳಿಯಲ್ಲಿ ಗೆದ್ದು ಆಗಿನ್ನೂ ಹದಿನಾಲ್ಕು ವರ್ಷ, ಅಷ್ಟೇ.

ಅಂದರೆ, ಹೆಣ್ಣಿಗೆ ರಿಂಗಿನ ಬಾಗಿಲು ಮುಚ್ಚಿದ್ದು ಒಂದು ಧರ್ಮದವರಲ್ಲ, ಒಂದು ದೇಶದವರೂ ಅಲ್ಲ. ಲಂಡನ್ನಿನ ಮಂಡಳಿಯೂ ನಿಝಾಮಾಬಾದಿನ ನೆಂಟರೂ ಹೇಳಿದ್ದು ಹೆಚ್ಚು ಕಮ್ಮಿ ಒಂದೇ ಮಾತು. ಹಾಗಂತ ಅವರೂ ಮಾಡಿದ್ರು, ನಾವೂ ಮಾಡಿದ್ವಿ ಎಂದು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಅಲ್ಲಿ ಒಬ್ಬಾಕೆ ನ್ಯಾಯಮಂಡಳಿಯ ಮುಂದೆ ನಿಂತು ಬಾಗಿಲು ತೆಗೆಸಿದರು. ಇಲ್ಲಿ ಒಂದು ಮನೆಯೊಳಗೇ ಆ ಕೆಲಸ ಆಗಬೇಕಿತ್ತು.

ಬಾಗಿಲು ತೆರೆದ ಮೇಲೂ ದಾರಿ ಸಲೀಸಾಗಿರಲಿಲ್ಲ. 2011ರಲ್ಲಿ ಟರ್ಕಿಯ ಅಂತಲ್ಯದಲ್ಲಿ ಜೂನಿಯರ್ ವಿಶ್ವ ಚಿನ್ನ ಗೆದ್ದಾಗ ನಿಖತ್‌ಗೆ ಇನ್ನೂ ಹದಿನಾಲ್ಕು. 2017ರಲ್ಲಿ ಭುಜಕ್ಕೆ ಪೆಟ್ಟಾಗಿ ಆಟವೇ ನಿಂತಿತು. 2019ರಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಗಳಿಗೆ ಮೇರಿ ಕೋಮ್ ಅವರನ್ನು ಟ್ರಯಲ್ ಇಲ್ಲದೆಯೇ ಕಳಿಸುವ ಮಾತು ಬಂತು. ಆಗ ನಿಖತ್ ಕ್ರೀಡಾ ಸಚಿವರಿಗೆ ಬಹಿರಂಗವಾಗಿ ಪತ್ರ ಬರೆದು ನ್ಯಾಯವಾದ ಒಂದು ಅವಕಾಶ ಕೊಡಿ ಎಂದು ಕೇಳಿದರು. ಇಷ್ಟು ದೊಡ್ಡ ಹೆಸರಿನ ಎದುರು ಈ ಹುಡುಗಿಗೆ ಎಷ್ಟು ಧೈರ್ಯ ಅಂದವರು ಬಹಳ ಮಂದಿ. ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಟ್ರಯಲ್ ನಡೆಯಿತು. ನಿಖತ್ 9–1ರಿಂದ ಸೋತರು. ಪಂದ್ಯ ಕೈತಪ್ಪಿತು ನಿಜ, ಆದರೆ ಕೇಳಿದ್ದ ಅವಕಾಶ ಸಿಕ್ಕಿತ್ತು.

ಆಮೇಲೆ ಮಾಡಿದ್ದು ಮಾತಿಲ್ಲದ ಕೆಲಸ. 2022ರ ಮೇ 19ರಂದು ಇಸ್ತಾಂಬುಲ್‌ನಲ್ಲಿ 52 ಕೆಜಿ ವಿಭಾಗದ ಫೈನಲ್‌ನಲ್ಲಿ ಥಾಯ್ಲೆಂಡಿನ ಜುಟಾಮಸ್ ಜಿಟ್ಪಾಂಗ್ ಅವರನ್ನು 5–0ಯಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ, ಅರ್ಜುನ ಪ್ರಶಸ್ತಿ. 2023ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ, 50 ಕೆಜಿ ವಿಭಾಗದಲ್ಲಿ, ಎರಡನೇ ವಿಶ್ವ ಪ್ರಶಸ್ತಿ. ಒಂದಕ್ಕಿಂತ ಹೆಚ್ಚು ಸಲ ಈ ಪ್ರಶಸ್ತಿ ಗೆದ್ದ ಭಾರತೀಯ ಮಹಿಳೆಯರಲ್ಲಿ ಮೇರಿ ಕೋಮ್ ನಂತರ ಇವರೇ ಎರಡನೆಯವರು. ಹಿಂದೆ ಆಡಿಕೊಂಡವರೇ ಆಮೇಲೆ ಫೋಟೊ ತೆಗೆಸಿಕೊಳ್ಳಲು ಬಂದರು.

2024ರ ಪ್ಯಾರಿಸ್ ಒಲಿಂಪಿಕ್ಸ್ ಮಾತ್ರ ಕಣ್ಣೀರು ತರಿಸಿತು. ಶ್ರೇಯಾಂಕ ಇಲ್ಲದ್ದರಿಂದ ಎರಡನೇ ಪಂದ್ಯದಲ್ಲೇ ಅಗ್ರ ಶ್ರೇಯಾಂಕದ, ಚೀನಾದ ವೂ ಯೂ ಎದುರಾದರು. ನಿಖತ್ 0–5ರಿಂದ ಸೋತರು. ವೂ ಯೂ ಮುಂದೆ ಚಿನ್ನವನ್ನೇ ಗೆದ್ದರು. ಆ ಸೋಲಿನ ಮರುತಿಂಗಳೇ ಹೈದರಾಬಾದಿನಲ್ಲಿ ಖಾಕಿ ಸಿಕ್ಕಿದ್ದು.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಪದಕಗಳನ್ನು ಎಣಿಸ್ತೇವೆ. ನನಗೆ ಮುಖ್ಯ ಅನಿಸೋದು ಆ ಮೈದಾನದ ಪ್ರಶ್ನೆ. ಇಲ್ಲಿ ಹುಡುಗಿಯರು ಯಾಕಿಲ್ಲ? ಹೀಗೆ ಕೇಳುವ ಹೆಣ್ಣುಮಕ್ಕಳು ಕಲಬುರಗಿಯಲ್ಲೂ ಇದ್ದಾರೆ, ಮಂಗಳೂರಿನಲ್ಲೂ ಇದ್ದಾರೆ. ಅವರು ಕೇಳೋದು ಬಾಕ್ಸಿಂಗ್ ಬಗ್ಗೆಯೇ ಆಗಬೇಕಿಲ್ಲ. ಕಾಲೇಜಿರಬಹುದು, ಕೋರ್ಟಿರಬಹುದು, ಪತ್ರಿಕೆಯ ಕಚೇರಿ ಇರಬಹುದು. ಜೇನ್ ಕೌಚ್‌ಗೆ ಉತ್ತರ ಕೊಡಲು ಒಂದು ನ್ಯಾಯಮಂಡಳಿ ಇತ್ತು. ನಮ್ಮ ಮನೆಯ ಮಗಳಿಗೆ ಮೊದಲ ನ್ಯಾಯಮಂಡಳಿ ನಾವೇ. ತೀರ್ಪು ಕೊಡುವ ಮೊದಲು ನಿಝಾಮಾಬಾದಿನ ಆ ತಂದೆಯನ್ನು ಒಮ್ಮೆ ನೆನೆದರೆ ಒಳ್ಳೆಯದು.